ಮೇಜಿನ ಕೆಳಗಿನ ನಟ

ನನ್ನ ಬಲಗೈ ಹೆಬ್ಬೆರಳಿನ ಬದಿಯಲ್ಲಿ ಒಂದು ದಡ್ಡು ಇದೆ. ಹತ್ತೊಂಬತ್ತು ವರ್ಷ ರೆಕ್ಕೆ ನಟ್ಟು ತಿರುಗಿಸಿ ಗಟ್ಟಿಯಾದ ಚರ್ಮ ಅದು. ಗೊಂಬೆಯನ್ನು ಒಂದು ಹೆಜ್ಜೆ ನಡೆಸಬೇಕಾದರೂ ನಾನು ಮೇಜಿನ ಕೆಳಗೆ ನುಸುಳಬೇಕು. ಹಲಗೆಯ ತುಂಬ ತೂತು, ಗೊಂಬೆಯ ಅಂಗಾಲಿನೊಳಗೆ ಅಡಗಿಸಿಟ್ಟ ತಿರುಪಿನ ಮರೆ. ಕೆಳಗಿನಿಂದ ಬೋಲ್ಟು ಏರಿಸಿ ಬಿಗಿದರೆ ಗೊಂಬೆ ಒಂಟಿ ಕಾಲಿನಲ್ಲಿ ನಿಲ್ಲುತ್ತದೆ. ಆಮೇಲೆ ಮೇಲೆ ಬಂದು ಇನ್ನೊಂದು ಕಾಲನ್ನು ಅಕ್ಕಿಕಾಳಿನಷ್ಟು ಎತ್ತಬೇಕು, ಸೊಂಟವನ್ನು ಅದಕ್ಕೆ ತಕ್ಕಷ್ಟು ಹೊರಳಿಸಬೇಕು, ತಲೆಯನ್ನು ಇನ್ನೂ ಕಡಿಮೆ. ಬೆಳಕಿನಿಂದ ಹಿಂದೆ ಸರಿದು ಒಂದು ಚಿತ್ರ ತೆಗೆಯಬೇಕು. ಸಿನಿಮಾದ ಒಂದು ಸೆಕೆಂಡಿಗೆ 24 ಚಿತ್ರ. ಒಂದೊಂದು ಭಂಗಿಯನ್ನು ಎರಡೆರಡು ಸಲ ತೆಗೆದರೂ 12 ಭಂಗಿ ಬೇಕೇ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ದೀಪ ಹಚ್ಚುವ ಹೊತ್ತಿಗೆ ಮೂರು ಸೆಕೆಂಡಿನ ಕೆಲಸ ಆಗಿದ್ದರೆ ಆ ದಿನ ಒಳ್ಳೆಯ ದಿನ.

ಇದನ್ನು ನೋಡಿದವರು ‘ಎಷ್ಟು ತಾಳ್ಮೆ ನಿಮಗೆ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ನನಗೆ ಅದು ನೋಯುತ್ತದೆ. ಭರತನಾಟ್ಯದವಳಿಗೆ ಯಾರೂ ‘ಎಷ್ಟು ಗಟ್ಟಿ ನಿಮ್ಮ ಮೊಣಕಾಲು’ ಎಂದು ಹೇಳಿ ಮನೆಗೆ ಹೋಗುವುದಿಲ್ಲ. ನಾನು ಮಾಡುವುದು ನಟನೆ. ತೀರಾ ನಿಧಾನದ, ಪ್ರೇಕ್ಷಕರಿಲ್ಲದ ಕೋಣೆಯಲ್ಲಿ ನಡೆಯುವ, ಬೇರೊಂದು ಮೈಯಲ್ಲಿ ಮೂಡುವ ನಟನೆ. ಗೊಂಬೆ ಅನಿಮೇಷನ್ ಎಂಬ ನನ್ನ ಕಸುಬಿನ ಇತಿಹಾಸವನ್ನು ಹೀಗೆ ನೋಡಿ ಬರೆದವರು ಕಡಿಮೆ. ಯಂತ್ರಗಳ ಕಥೆಯಾಗಿ, ತಂತ್ರಗಳ ಕಥೆಯಾಗಿ ಬರೆದಿದ್ದಾರೆ. ನಟರ ಕಥೆಯಾಗಿ ಹೇಳಿದರೆ ಅದು ಬೇರೆಯೇ ಆಗುತ್ತದೆ.

ನಟನೆ ಎನ್ನುವುದು ನನಗೆ ಮನದಟ್ಟಾದದ್ದು ಒಂದು ಬಲ್ಬು ಒಡೆದ ದಿನ. ಜಾಹೀರಾತೊಂದಕ್ಕೆ ಮುದುಕಿಯ ಗೊಂಬೆ, ಕೈಯಲ್ಲಿದ್ದ ಲಾಟೀನನ್ನು ನೆಲಕ್ಕಿಟ್ಟು ಸೊಂಟ ಹಿಡಿದುಕೊಂಡು ಏಳಬೇಕು. ಒಟ್ಟು ಒಂಬತ್ತು ಸೆಕೆಂಡು. ಮೂರನೆಯ ಸಂಜೆ, ಮುದುಕಿ ಅರ್ಧ ಬಗ್ಗಿದ್ದಾಗ, ಬಲ್ಬು ಸಿಡಿದು ಸೆಟ್ಟು ಅಲುಗಾಡಿತು. ಕೆಲಸ ಕೊಟ್ಟವರು ‘ನಿಂತಲ್ಲಿಂದಲೇ ಮುಂದುವರಿಸಿ’ ಎಂದರು. ಹಳೆಯ ಚಿತ್ರವನ್ನು ಪರದೆಯ ಮೇಲಿಟ್ಟು ಗೊಂಬೆಯನ್ನು ಕೂದಲೆಳೆಯೂ ತಪ್ಪದಂತೆ ಅದೇ ಭಂಗಿಗೆ ತಂದೆ, ಮುಗಿಸಿದೆ. ಓಡಿಸಿ ನೋಡಿದರೆ ಭಂಗಿಯಲ್ಲಿ ಬಿರುಕಿಲ್ಲ, ಬೆಳಕಿನಲ್ಲಿ ಬಿರುಕಿಲ್ಲ, ಆದರೆ ಆ ಜಾಗದಲ್ಲಿ ಮುದುಕಿಯೇ ಬೇರೆಯಾಗಿದ್ದಳು. ಮೊದಲ ಐದು ಸೆಕೆಂಡಿನವಳಿಗೆ ನೋವಿತ್ತು, ಉಳಿದ ನಾಲ್ಕರವಳು ಬರೀ ಬಗ್ಗಿ ಎದ್ದಳು. ಎರಡನ್ನೂ ಮಾಡಿದ್ದು ಇದೇ ಕೈ. ಆ ಮೂರು ದಿನ ನನ್ನೊಳಗೆ ಎಳೆದುಕೊಂಡು ಬಂದಿದ್ದ ಏನೋ ಒಂದು ಬಲ್ಬಿನ ಜೊತೆಗೇ ಹೋಗಿತ್ತು. ಆ ವಾರದ ರಾತ್ರಿಗಳಲ್ಲಿ ಮೊದಲಿನಿಂದ ಮತ್ತೆ ಮಾಡಿದೆ.

ರಂಗದ ಮೇಲೆ ಹೇಳಿದ ಮಾತನ್ನು ನಟ ಹಿಂದಕ್ಕೆ ಪಡೆಯಲಾರ. ನಮ್ಮದೂ ಹಾಗೆಯೇ. ಕೈಯಿಂದ ಬಿಡಿಸುವ ಅನಿಮೇಷನ್‌ನಲ್ಲಿ ಮುಖ್ಯ ಭಂಗಿಗಳನ್ನು ಮೊದಲು ಬರೆದುಕೊಂಡು ನಡುವಿನದನ್ನು ಆಮೇಲೆ ತುಂಬಬಹುದು, ತಪ್ಪಿದರೆ ಹಾಳೆ ಹರಿಯಬಹುದು. ಗೊಂಬೆಗೆ ಮುಂದಿನ ದಾರಿ ಒಂದೇ. ಐವತ್ತನೆಯ ಚಿತ್ರ ತೆಗೆದ ಮೇಲೆ ನಲವತ್ತೊಂಬತ್ತು ಎಲ್ಲಿಯೂ ಉಳಿದಿರುವುದಿಲ್ಲ. ಆ ಗೊಂಬೆಯೇ ಈಗ ಐವತ್ತಾಗಿದೆ.

ಈ ಕಲೆಯ ಮೊದಲ ದೊಡ್ಡ ಹೆಸರು ಲಾಡಿಸ್ಲಾವ್ ಸ್ಟಾರೆವಿಚ್. 1882ರಲ್ಲಿ ಮಾಸ್ಕೋದಲ್ಲಿ ಪೋಲಿಷ್ ಮನೆತನದಲ್ಲಿ ಹುಟ್ಟಿ ಲಿಥುವೇನಿಯದ ಕೌನಾಸ್ ಊರಿನ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಿದ್ದ. ಕೀಟಗಳ ಮೇಲೆ ಪ್ರಾಣ. ಕೊಂಬಿನ ಜೀರುಂಡೆಗಳ ಕಾಳಗವನ್ನು ಚಿತ್ರೀಕರಿಸಲು ಹೊರಟರೆ ಅವು ಇರುಳಿನ ಜೀವಿಗಳು, ದೀಪ ಹಚ್ಚಿದೊಡನೆ ಜಡವಾಗುತ್ತಿದ್ದವು. ಆಗ ಅವನು ಸತ್ತ ಜೀರುಂಡೆಗಳ ಕಾಲು, ಕೊಂಬು ಬಿಡಿಸಿ, ತಂತಿ ಮತ್ತು ಮೇಣದಿಂದ ಮತ್ತೆ ಕೂಡಿಸಿ, ಒಂದೊಂದೇ ಚಿತ್ರವಾಗಿ ಕಾಳಗ ಕಟ್ಟಿದ. ಅದು 1910ರ ಹೊತ್ತು. 1912ರ ‘ಕ್ಯಾಮೆರಾಮನ್ನನ ಸೇಡು’ ಚಿತ್ರದಲ್ಲಿ ಜೀರುಂಡೆಗಳಿಗೆ ಸಂಸಾರ, ಗುಟ್ಟಿನ ಪ್ರೇಮ, ಹೋಟೆಲು, ಜಗಳ ಎಲ್ಲ ಇದೆ. ಅವನ ಚಿತ್ರ ಕಂಡ ಲಂಡನ್ನಿನವರು ಇದು ತರಬೇತಿ ಪಡೆದ ಜೀವಂತ ಹುಳಗಳ ಆಟವೆಂದು ನಂಬಿದರೆಂಬ ಕಥೆ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ ಇದನ್ನು ಅವನ ಕೈಚಳಕಕ್ಕೆ ಸಂದ ಬಿರುದೆಂದು ಹೇಳುತ್ತಾರೆ. ನನಗೆ ಅದು ಇನ್ನೊಂದರ ಆರಂಭವಾಗಿ ಕಾಣುತ್ತದೆ. ಜನ ಮೆಚ್ಚಿದ್ದು ಹುಳವನ್ನು. ಹುಳದ ಮೀಸೆಯಲ್ಲಿ ಹೊಟ್ಟೆಕಿಚ್ಚನ್ನು ಆಡಿ ತೋರಿಸಿದ ಮನುಷ್ಯ ಅವರಿಗೆ ಕಾಣಲೇ ಇಲ್ಲ.

ರಷ್ಯಾದ ಕ್ರಾಂತಿಯ ನಂತರ ಸ್ಟಾರೆವಿಚ್ ಫ್ರಾನ್ಸಿಗೆ ಹೋದ. ಪ್ಯಾರಿಸ್ ಪಕ್ಕದ ಮನೆಯಲ್ಲೇ ಸ್ಟುಡಿಯೊ, ಮನೆಯವರೇ ಸಿಬ್ಬಂದಿ. ಮಗಳು ಇರೇನ್ ಜೀವನಪೂರ್ತಿ ಅವನ ಜೊತೆ ದುಡಿದಳು. ನರಿಯ ಕಥೆಯ ಅವರ ದೊಡ್ಡ ಚಿತ್ರ 1937ರಲ್ಲಿ ಬರ್ಲಿನ್ನಿನಲ್ಲಿ ತೆರೆ ಕಂಡಿತು. ಅದರಲ್ಲಿನ ಸಿಂಹರಾಜನ ನಿಟ್ಟುಸಿರನ್ನು ನೋಡಬೇಕು. ಎದೆ ಏರುತ್ತದೆ, ಇಳಿಯುತ್ತದೆ. ತೊಗಲಿನ ಒಳಗೆ ಉಸಿರು ತುಂಬಿದ ಕೈ ಅಪ್ಪನದೋ ಮಗಳದೋ ನೋಡುವವರಿಗೆ ತಿಳಿಯುವುದಿಲ್ಲ.

ಇನ್ನು ಪ್ರಾಗ್. ನನ್ನ ಮಟ್ಟಿಗೆ ಈ ಕಲೆಯ ತವರು ಅದೇ, ಅಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.

ಜೆಕ್ ನಾಡಿನಲ್ಲಿ ಗೊಂಬೆಯಾಟ ಮಕ್ಕಳ ಆಟಿಕೆಯಲ್ಲ. ಹ್ಯಾಬ್ಸ್‌ಬರ್ಗ್ ದೊರೆಗಳ ಕಾಲದಲ್ಲಿ, ಕಚೇರಿಯ ಭಾಷೆ ಜರ್ಮನ್, ದೊಡ್ಡವರ ನಾಟಕದ ಭಾಷೆಯೂ ಜರ್ಮನ್ ಆಗಿದ್ದಾಗ, ಗಾಡಿಯಲ್ಲಿ ಗೊಂಬೆ ಹೇರಿಕೊಂಡು ಹಳ್ಳಿ ಹಳ್ಳಿ ತಿರುಗಿ ಜೆಕ್ ನುಡಿಯಲ್ಲಿ ಆಡಿದವರು ಸೂತ್ರದ ಗೊಂಬೆಯವರು. ಮಾತ್ಯೇಯ್ ಕೊಪೆಟ್ಸ್ಕಿ ಎಂಬಾತನ ಹೆಸರನ್ನು ಅಲ್ಲಿ ಇಂದಿಗೂ ಗೌರವದಿಂದ ನೆನೆಯುತ್ತಾರೆ. 1775ರಿಂದ 1847ರವರೆಗೆ ಬದುಕಿದವನು ಅವನು. ಗೊಂಬೆಯಾಡಿಸುವವರ ಅಂತರರಾಷ್ಟ್ರೀಯ ಸಂಘ ‘ಯೂನಿಮಾ’ 1929ರಲ್ಲಿ ಹುಟ್ಟಿದ್ದು ಪ್ರಾಗ್‌ನಲ್ಲಿಯೇ. ಪಿಲ್ಸೆನ್ ಊರಿನಲ್ಲಿ ಯೊಸೆಫ್ ಸ್ಕುಪಾ ಎಂಬ ಡ್ರಾಯಿಂಗ್ ಮೇಷ್ಟರಿದ್ದರು. 1920ರಲ್ಲಿ ಸ್ಪೇಬ್ಲ್ ಎಂಬ ದಡ್ಡ ಅಪ್ಪನ ಗೊಂಬೆಯನ್ನೂ 1926ರಲ್ಲಿ ಹುರ್ವಿನೆಕ್ ಎಂಬ ತುಂಟ ಮಗನನ್ನೂ ರಂಗಕ್ಕೆ ತಂದವರು. ನಾಜಿಗಳು ಅವರನ್ನು 1944ರಲ್ಲಿ ಜೈಲಿಗೆ ಹಾಕಿದರು. ಡ್ರೆಸ್ಡೆನ್ ನಗರದ ಮೇಲೆ ಬಾಂಬು ಬಿದ್ದ ರಾತ್ರಿ ಅಲ್ಲಿಂದ ತಪ್ಪಿಸಿಕೊಂಡು ಮನೆ ಸೇರಿದರು.

ಈ ಮೇಷ್ಟರ ಕಣ್ಣಿಗೆ ಬಿದ್ದ ಹುಡುಗ ಯಿರ್ಜಿ ತ್ರಂಕಾ. ಹುಟ್ಟಿದ್ದು 1912ರಲ್ಲಿ. ತಾಯಿ ಬಟ್ಟೆ ಹೊಲಿಯುವವರು. ಹುಡುಗ ಸ್ಕುಪಾರ ಗೊಂಬೆಮನೆಯಲ್ಲಿ ಕೆತ್ತುತ್ತಾ ಹೊಲಿಯುತ್ತಾ ಬೆಳೆದ. ಪ್ರಾಗ್‌ಗೆ ಹೋಗಿ ಕಲಾಶಾಲೆ ಮುಗಿಸಿ 1936ರಲ್ಲಿ ತನ್ನದೇ ‘ಮರದ ರಂಗಭೂಮಿ’ ತೆರೆದ, ಅದು ಬಹಳ ಕಾಲ ನಡೆಯಲಿಲ್ಲ. ಯುದ್ಧ ಮುಗಿದ ಮೇಲೆ ಸಿನಿಮಾಕ್ಕೆ ಬಂದ. ಮೊದಲು ಚಿತ್ರ ಬಿಡಿಸುವ ಅನಿಮೇಷನ್, ಆಮೇಲೆ ಗೊಂಬೆ. 1947ರಲ್ಲಿ ‘ಶ್ಪಾಲಿಚೆಕ್’ ಬಂತು. ಜೆಕ್ ಹಳ್ಳಿಯ ಒಂದು ವರ್ಷದ ಹಬ್ಬ ಹರಿದಿನಗಳು, ಮೇಳ, ಜಾತ್ರೆ, ಎಲ್ಲವೂ ಗೊಂಬೆಗಳಲ್ಲಿ. ಮರುವರ್ಷ ಆಂಡರ್ಸನ್ನನ ಕಥೆಯಿಂದ ‘ಚಕ್ರವರ್ತಿಯ ನೈಟಿಂಗೇಲ್’. 1955ರಲ್ಲಿ ‘ಶ್ವೇಕ್’, 1959ರಲ್ಲಿ ಶೇಕ್ಸ್‌ಪಿಯರನ ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’.

ಅವನ ಗೊಂಬೆಗಳ ಮುಖ ಬದಲಾಗುವುದಿಲ್ಲ. ಬಾಯಿ ತೆರೆಯುವುದಿಲ್ಲ, ಹುಬ್ಬು ಏರುವುದಿಲ್ಲ. ಆ ಹೊತ್ತಿಗೆ ಬಾಯಿ ಬದಲಿಸುವ, ಮುಖ ಬದಲಿಸುವ ತಂತ್ರ ಬೇಕಾದಷ್ಟಿತ್ತು. ತ್ರಂಕಾ ಬೇಕೆಂದೇ ಬಿಟ್ಟ. ಕಣ್ಣಿಗೆ ಬಣ್ಣ ತುಂಬುವಾಗ ಯಾವ ಒಂದು ಭಾವಕ್ಕೂ ಪೂರ್ತಿ ಸೇರದ ನೋಟವೊಂದನ್ನು ಬರೆಯುತ್ತಿದ್ದನಂತೆ. ತಲೆ ಒಂದಿಷ್ಟು ತಗ್ಗಿದರೆ ದುಃಖ, ದೀಪ ಒಂದಿಷ್ಟು ಸರಿದರೆ ನಗು. ಅವನ ಜೊತೆ ದುಡಿದ ಬ್ರೆತಿಸ್ಲಾವ್ ಪೊಯರ್ ಇದನ್ನು ಹೇಳಿಕೊಂಡಿದ್ದಾರೆ.

ಮೊದಲ ಸಲ ಇದನ್ನು ಓದಿದಾಗ ನನಗೆ ಹೊಸದೆನ್ನಿಸಲಿಲ್ಲ. ನಾನು ಕುಂದಾಪುರದ ಕಡೆಯವಳು. ಉಪ್ಪಿನಕುದ್ರು ನಮಗೆ ಹತ್ತಿರ. ಹೊಳೆಯ ನಡುಗಡ್ಡೆಯ ಆ ಊರಿನ ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟವನ್ನು ಅಜ್ಜಿಯ ತೊಡೆಯ ಮೇಲೆ ಕುಳಿತು ನೋಡಿದ್ದೇನೆ. ಮರದ ಗೊಂಬೆ, ಬಡಗುತಿಟ್ಟಿನ ವೇಷ, ಸೂತ್ರ ಹಿಡಿದವರು ಪರದೆಯ ಹಿಂದೆ. ಪ್ರಸಂಗ ಯಾವುದೋ ಮರೆತಿದೆ. ಒಂದು ಸ್ತ್ರೀವೇಷದ ಗೊಂಬೆ ತಲೆ ಬಾಗಿಸಿ ನಿಂತು, ಕೈಯನ್ನು ನಿಧಾನವಾಗಿ ಹಣೆಯ ಹತ್ತಿರ ತಂದಿತು. ಭಾಗವತರು ಪದ ಎಳೆದರು. ಅಜ್ಜಿ ನನ್ನ ಕಿವಿಯ ಹತ್ತಿರ ಬಾಗಿ ‘ಕಾಣ್ ಮಗಾ, ಗೊಂಬಿ ಮರ್ಕ್ತಾ ಇತ್ತ್’ ಎಂದರು. ನಾನು ಕಂಡೆ, ನಿಜವಾಗಿ ಅಳುತ್ತಿತ್ತು. ಆಟ ಮುಗಿದ ಮೇಲೆ ಆ ಗೊಂಬೆಯನ್ನು ಹತ್ತಿರದಿಂದ ನೋಡಿದರೆ ಅದೇ ಮರ, ಅದೇ ಬಣ್ಣ, ತುಟಿಯಲ್ಲಿ ಸಣ್ಣ ನಗು. ಅಳು ಎಲ್ಲಿತ್ತು ಎಂಬ ಪ್ರಶ್ನೆ ಆ ರಾತ್ರಿಯಿಂದ ನನ್ನ ಜೊತೆಗಿದೆ. ಈ ಕಸುಬಿಗೆ ನನ್ನನ್ನು ತಂದದ್ದೂ ಅದೇ.

ತ್ರಂಕಾನ ಚಿತ್ರಗಳಲ್ಲಿ ಅಳು ಎಲ್ಲಿತ್ತು? ಸ್ವಲ್ಪ ಭಾಗ ಮುಖ ಬರೆದ ತ್ರಂಕಾನ ಕುಂಚದಲ್ಲಿ. ಸ್ವಲ್ಪ ಭಾಗ ವಾತ್ಸ್ಲಾವ್ ತ್ರೊಯಾನ್ ಕಟ್ಟಿದ ಸಂಗೀತದಲ್ಲಿ. ಉಳಿದದ್ದೆಲ್ಲ ಪೊಯರ್, ಸ್ತಾನಿಸ್ಲಾವ್ ಲಾತಾಲ್, ಬೊಹುಸ್ಲಾವ್ ಶ್ರಾಮೆಕ್, ಯಾನ್ ಕಾರ್ಪಾಷ್ ಇವರ ಬೆರಳಲ್ಲಿ. ಈ ಹೆಸರುಗಳನ್ನು ನಾನು ನಿಧಾನವಾಗಿ ಬರೆಯುತ್ತಿದ್ದೇನೆ. ‘ತ್ರಂಕಾನ ಗೊಂಬೆಗಳು’ ಎಂದು ಜಗತ್ತು ಹೇಳುವಾಗ, ತಿಂಗಳುಗಟ್ಟಲೆ ದೀಪದ ಬಿಸಿಯಲ್ಲಿ ನಿಂತು ಆ ಗೊಂಬೆಗಳಾಗಿ ಆಡಿದವರು ಇವರು. ನಮ್ಮೂರ ಕಡೆ ಯಕ್ಷಗಾನಕ್ಕೆ ಹೋಗುವವರು ಮೊದಲು ಕೇಳುವುದು ‘ಇವತ್ತಿನ ಕೌರವ ಯಾರದ್ದು’ ಎಂದು. ಪ್ರಸಂಗ ಬರೆದ ಕವಿ ಯಾರೆಂದು ಆಮೇಲೆ. ಗೊಂಬೆ ಸಿನಿಮಾದಲ್ಲಿ ಕವಿಯ ಹೆಸರು ಉಳಿಯಿತು, ವೇಷಧಾರಿಯದು ಅಳಿಯಿತು.

ಪೊಯರ್ ಒಬ್ಬರು ಮಾತ್ರ ತಮ್ಮದೇ ಚಿತ್ರಗಳಿಂದ ಎಲ್ಲರಿಗೂ ಗೊತ್ತಾದರು. ಅವರ ‘ಒಂದು ಗ್ಲಾಸು ಹೆಚ್ಚು’ ಚಿತ್ರವನ್ನು ಯಾರೇ ಕಲಿಯಲು ಬಂದರೂ ನಾನು ಮೊದಲ ವಾರವೇ ತೋರಿಸುತ್ತೇನೆ. ಮೋಟರ್‌ಸೈಕಲ್ಲಿನ ತರುಣ ದಾರಿಯ ಹೋಟೆಲಿನಲ್ಲಿ ಮದುವೆಯ ಗುಂಪಿಗೆ ಸಿಕ್ಕಿ ಕುಡಿಯುತ್ತಾನೆ, ಮತ್ತೆ ಗಾಡಿ ಹತ್ತುತ್ತಾನೆ. ಕುಡುಕನನ್ನು ಆಡುವ ಎಳಸು ನಟ ತೂರಾಡುತ್ತಾನೆ. ಪಳಗಿದ ನಟ ನೆಟ್ಟಗೆ ನಿಲ್ಲಲು ಹೆಣಗುತ್ತಾನೆ. ಪೊಯರ್ ಗೊಂಬೆ ನೆಟ್ಟಗೆ ನಿಲ್ಲಲು ಹೆಣಗುತ್ತದೆ. ಲೋಹದ ಕೀಲುಗಳ ಮೇಲೆ ತಾನಾಗಿಯೇ ನೆಟ್ಟಗೆ ನಿಲ್ಲುವ ವಸ್ತುವಿಗೆ ನೆಟ್ಟಗೆ ನಿಲ್ಲಲಾಗದ ಒದ್ದಾಟವನ್ನು ಕೊಡುವುದು ಎಂಥ ಕೆಲಸವೆಂದು ಮಾಡಿ ನೋಡಿದವರಿಗಷ್ಟೇ ಗೊತ್ತು. 1959ರ ಅವರ ‘ಸಿಂಹ ಮತ್ತು ಹಾಡು’ ಇನ್ನೂ ಮೇಲಿನದು. ಮರುಭೂಮಿಯಲ್ಲಿ ಅಕಾರ್ಡಿಯನ್ ನುಡಿಸುವವನನ್ನು ಸಿಂಹ ತಿನ್ನುತ್ತದೆ. ವಾದ್ಯವೂ ಹೊಟ್ಟೆ ಸೇರಿದ್ದರಿಂದ ಸಿಂಹ ಉಸಿರಾಡಿದಾಗಲೆಲ್ಲ ಸ್ವರ ಹೊರಡುತ್ತದೆ. ಬೇಟೆ ಓಡಿಹೋಗುತ್ತದೆ, ಸಿಂಹ ಹಸಿದು ಸಾಯುತ್ತದೆ. 1960ರಲ್ಲಿ ಫ್ರಾನ್ಸಿನ ಆನ್ಸಿ ಊರಿನಲ್ಲಿ ನಡೆದ ಮೊದಲ ಅನಿಮೇಷನ್ ಚಿತ್ರೋತ್ಸವದ ದೊಡ್ಡ ಬಹುಮಾನ ಅದಕ್ಕೆ ಸಂದಿತು.

ಅಮೆರಿಕದ ಕಥೆ ಬೇರೆ ದಿಕ್ಕಿನಿಂದ ಬಂದು ಇಲ್ಲಿಗೇ ಸೇರುತ್ತದೆ. ವಿಲ್ಲಿಸ್ ಓಬ್ರಯನ್ ಅಮೃತಶಿಲೆ ಕೆತ್ತುತ್ತಿದ್ದವನು, ಬಾಕ್ಸಿಂಗ್ ಆಡಿದವನು. ಅವನು ಮೊದಲು ಜೀವ ತುಂಬಿದ್ದು ಮಣ್ಣಿನ ಇಬ್ಬರು ಪುಟ್ಟ ಬಾಕ್ಸರುಗಳಿಗೆ. 1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ದೈತ್ಯ ವಾನರ ಡೈನೊಸಾರ್ ಜೊತೆ ಕಾದಾಡುವುದನ್ನು ಗಮನಿಸಿ. ವಾನರ ಹೆಜ್ಜೆ ಬದಲಿಸುತ್ತದೆ, ತಪ್ಪಿಸಿಕೊಂಡು ಗುದ್ದುತ್ತದೆ, ಕುಸ್ತಿಯ ಪಟ್ಟು ಹಾಕುತ್ತದೆ. ಕಾಡಿನಲ್ಲಿ ಯಾವ ವಾನರವೂ ಹಾಗೆ ಕಾದುವುದಿಲ್ಲ, ಅಖಾಡ ಕಂಡ ಮನುಷ್ಯ ಕಾದುತ್ತಾನೆ. ಗೊಂಬೆ 18 ಇಂಚಿನದು, ಮಾರ್ಸೆಲ್ ಡೆಲ್ಗಾಡೊ ಕಟ್ಟಿದ್ದು, ಮೈಮೇಲೆ ಮೊಲದ ತುಪ್ಪಳು. ಪ್ರತಿ ಚಿತ್ರಕ್ಕೂ ಓಬ್ರಯನ್ ಮತ್ತು ಅವನ ಸಂಗಡಿಗ ಬಜ್ ಗಿಬ್ಸನ್ ಮುಟ್ಟಿದಲ್ಲೆಲ್ಲ ತುಪ್ಪಳು ಅಳ್ಳಾಡಿತು, ತೆರೆಯ ಮೇಲೆ ಕಾಂಗ್‌ನ ಮೈ ಸದಾ ನವಿರೇಳುತ್ತಿರುವಂತೆ ಕಾಣುತ್ತದೆ. ಆ ಕಾಲಕ್ಕೆ ಅದು ದೋಷ. ನನ್ನ ಕಣ್ಣಿಗೆ ಸಿನಿಮಾ ಇತಿಹಾಸದಲ್ಲಿ ಅದಕ್ಕಿಂತ ಮನ ಕಲಕುವ ದೃಶ್ಯ ಕಡಿಮೆ. ಅದು ನಟನ ಬೆರಳ ಗುರುತು. ತೊಂಬತ್ತು ವರ್ಷದ ಹಿಂದೆ ಒಬ್ಬಾತ ಮುಟ್ಟಿ ಕೈ ತೆಗೆದ ಜಾಗ ಇನ್ನೂ ಕಂಪಿಸುತ್ತಿದೆ. 2009ರ ‘ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್’ ಚಿತ್ರದಲ್ಲಿ ವೆಸ್ ಆಂಡರ್ಸನ್ ನರಿಯ ರೋಮದ ಈ ಅಲುಗಾಟವನ್ನು ಬೇಕೆಂದೇ ಉಳಿಸಿಕೊಂಡರು.

ಕಾಂಗ್ ನೋಡಿ ಬದುಕಿನ ದಾರಿ ಬದಲಿಸಿಕೊಂಡ ಹದಿಮೂರರ ಹುಡುಗ ರೇ ಹ್ಯಾರಿಹೌಸನ್. ಅಪ್ಪ ಲೇತ್ ಯಂತ್ರದಲ್ಲಿ ಗೊಂಬೆಯ ಲೋಹದ ಅಸ್ಥಿಪಂಜರ ಮಾಡಿಕೊಟ್ಟ, ಅಮ್ಮ ಬಟ್ಟೆ ಹೊಲಿದಳು. ಅವನಿಗೆ ಮೊದಲು ಸಿಕ್ಕ ಕೆಲಸ ಜಾರ್ಜ್ ಪಾಲ್ ಬಳಿ. ಹಂಗೇರಿಯಿಂದ ಬಂದ ಪಾಲ್, ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಕಂಪನಿಗೆ ಜಾಹೀರಾತು ಮಾಡಿ ಹೆಸರಾಗಿ, 1940ರ ಹೊತ್ತಿಗೆ ಹಾಲಿವುಡ್ ಸೇರಿದ್ದ. ಅವನ ವಿಧಾನದಲ್ಲಿ ಗೊಂಬೆಗೆ ಕೀಲಿಲ್ಲ. ಒಂದು ನಡಿಗೆಗೆ ಬೇಕಾದ ಅಷ್ಟೂ ಕಾಲುಗಳನ್ನು, ಒಂದು ಮಾತಿಗೆ ಬೇಕಾದ ಅಷ್ಟೂ ತಲೆಗಳನ್ನು ಮೊದಲೇ ಮರದಲ್ಲಿ ಕಡೆದು ಸಾಲಾಗಿ ಇಟ್ಟಿರುತ್ತಾರೆ, ಒಂದು ಕಿರುಚಿತ್ರಕ್ಕೆ ಸಾವಿರಾರು ತುಂಡು. ಕ್ಯಾಮೆರಾದ ಮುಂದೆ ನಿಂತವನು ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತಾ ಹೋಗಬೇಕು. ಹ್ಯಾರಿಹೌಸನ್‌ಗೆ ಇದು ಒಗ್ಗಲಿಲ್ಲ. ಎಲ್ಲವೂ ಮೊದಲೇ ತೀರ್ಮಾನವಾಗಿತ್ತು, ಅವನು ಆಡಲು ಏನೂ ಉಳಿದಿರಲಿಲ್ಲ. ಪಾಲ್ ಚಿತ್ರಗಳು ಸೊಗಸಾಗಿವೆ, ಸಂಗೀತಕ್ಕೆ ಕುಣಿಯುವುದರಲ್ಲಿ ಅವುಗಳಿಗೆ ಸಾಟಿಯಿಲ್ಲ. ಆದರೂ ಬರೆದಿಟ್ಟ ಮಾತನ್ನು ಓದುವುದಕ್ಕೂ ತಾಳಮದ್ದಳೆಯಲ್ಲಿ ಅರ್ಥ ಹೇಳುವುದಕ್ಕೂ ಎಷ್ಟು ಅಂತರವೋ ಇಲ್ಲೂ ಅಷ್ಟೇ. ಅರ್ಥಧಾರಿಗೆ ಪದ್ಯ ಗೊತ್ತು, ಹೋಗಿ ಸೇರಬೇಕಾದ ಜಾಗ ಗೊತ್ತು, ನಡುವಿನ ಮಾತು ಅಲ್ಲಿಯೇ ಹುಟ್ಟಬೇಕು.

1949ರ ‘ಮೈಟಿ ಜೋ ಯಂಗ್’ ಚಿತ್ರದಲ್ಲಿ ಓಬ್ರಯನ್ ಕೈಕೆಳಗೆ ಗೊರಿಲ್ಲಾದ ಬಹುಪಾಲು ಆಡಿದವನು ಹ್ಯಾರಿಹೌಸನ್. ಆ ದಿನಗಳಲ್ಲಿ ಗೊರಿಲ್ಲಾದ ಮನಸ್ಸು ಬರಲೆಂದು ವಿರಾಮದಲ್ಲಿ ಸೆಲರಿ, ಕ್ಯಾರಟ್ ತಿನ್ನುತ್ತಿದ್ದೆನೆಂದು ಆತ ಹೇಳಿಕೊಂಡಿದ್ದಾನೆ. ವೇಷಕ್ಕೆ ಮೊದಲು ಚೌಕಿಯಲ್ಲಿ ಮಾತು ನಿಲ್ಲಿಸಿ ಕೂರುವ ಕಲಾವಿದರನ್ನು ಕಂಡ ನನಗೆ ಅದು ಅರ್ಥವಾಗುತ್ತದೆ. ಆತ ತರುಣನಾಗಿದ್ದಾಗ ನಟನೆಯ ತರಗತಿಗಳಿಗೂ ಹೋಗಿದ್ದ. 1963ರ ‘ಜೇಸನ್ ಅಂಡ್ ದ ಆರ್ಗೊನಾಟ್ಸ್’ ಚಿತ್ರದ ಅಸ್ಥಿಪಂಜರಗಳ ಕಾಳಗ ಅವನ ಮಹಾಕೃತಿ. ಮೂವರು ಮನುಷ್ಯರ ಎದುರು ಏಳು ಅಸ್ಥಿಪಂಜರ. ಅವುಗಳಲ್ಲಿ ಒಂದು 1958ರ ಸಿಂದಬಾದ್ ಚಿತ್ರದಿಂದ ಉಳಿದಿದ್ದದ್ದು. ನಟರು ಮೊದಲು ಸಾಹಸ ಕಲಾವಿದರೊಡನೆ ತಾಲೀಮು ಮಾಡಿ, ಆಮೇಲೆ ಬರೀ ಗಾಳಿಯ ಜೊತೆ ಕತ್ತಿ ಬೀಸಿದರು. ಆ ಗಾಳಿಯ ಜಾಗದಲ್ಲಿ ಹ್ಯಾರಿಹೌಸನ್ ಒಬ್ಬನೇ ಏಳು ಜನರಾಗಿ ಆಡಬೇಕು, ಪ್ರತಿಯೊಬ್ಬನ ತಲೆ, ಕೈ, ಕಾಲು ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಎಂದು ತಲೆಯಲ್ಲೇ ಇಟ್ಟುಕೊಂಡು. ಕೆಲವು ದಿನ ಹದಿಮೂರು ಚಿತ್ರ, ಅಂದರೆ ಅರ್ಧ ಸೆಕೆಂಡು. ನಾಲ್ಕೂವರೆ ತಿಂಗಳು ಹಿಡಿಯಿತು. ನಮಗೆ ಇಂದು ಕಂಪ್ಯೂಟರಿನ ಪರದೆಯಲ್ಲಿ ಹಿಂದಿನ ಚಿತ್ರ ಕಾಣುತ್ತದೆ, ಓಡಿಸಿ ನೋಡಬಹುದು. ಅವನಿಗೆ ಇದ್ದದ್ದು ಗೊಂಬೆಯ ಮೂಗಿನ ತುದಿಗೆ ತಾಗಿಸಿ ಇಡುವ ಒಂದು ಸೂಜಿಕಡ್ಡಿ, ಮತ್ತೆ ನೆನಪು.

ನಾನು ಎಲ್ಲರಿಗಿಂತ ಹೆಚ್ಚು ಋಣಿಯಾಗಿರುವುದು ಜಪಾನಿನ ಕಿಹಾಚಿರೊ ಕವಾಮೊಟೊ ಅವರಿಗೆ. 1925ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. ಯುದ್ಧದ ನಂತರ ತೋಹೊ ಸಿನಿಮಾ ಸಂಸ್ಥೆಯ ಕಲಾವಿಭಾಗದಲ್ಲಿ ಸಹಾಯಕರಾಗಿದ್ದು, ಅದು ಬಿಟ್ಟು, ಮಕ್ಕಳ ಕಥೆಪುಸ್ತಕಗಳಿಗೆ ಗೊಂಬೆ ಮಾಡುತ್ತಿದ್ದರು. ಆಗ ತ್ರಂಕಾನ ನೈಟಿಂಗೇಲ್ ಚಿತ್ರ ನೋಡಿದರು. ಚೀನಾದಲ್ಲಿ ಗೊಂಬೆ ಅನಿಮೇಷನ್‌ಗೆ ಬುನಾದಿ ಹಾಕಿ ಹಿಂತಿರುಗಿದ್ದ ಟಾಡಾಹಿಟೊ ಮೊಚಿನಾಗ ಅವರಿಂದ ಕೆಲಸ ಕಲಿತರು. ಅದೂ ಸಾಲದೆನ್ನಿಸಿ ತ್ರಂಕಾನಿಗೆ ಕಾಗದ ಬರೆದು, 1963ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ ಪ್ರಾಗ್‌ಗೆ ಹೋಗಿ ಶಿಷ್ಯರಾದರು. ಅಲ್ಲಿ ಗುರು ಹೇಳಿದ್ದು, ನಿನ್ನ ನಾಡಿನ ಗೊಂಬೆ ಪರಂಪರೆಯ ಕಡೆ ತಿರುಗು ಎಂದು. ಸಮುದ್ರ ದಾಟಿ ಬಂದ ಶಿಷ್ಯನನ್ನು ತನ್ನ ಛಾಯೆ ಮಾಡಿಕೊಳ್ಳದೆ ಅವನ ಮನೆಗೇ ಕಳಿಸಿದ ಗುರು ತ್ರಂಕಾ.

ಮನೆಯಲ್ಲಿ ಏನಿತ್ತು? ಒಂದು, ಬುನ್ರಾಕು. ಒಂದು ಗೊಂಬೆಗೆ ಮೂವರು. ಮುಖ್ಯನಾದವನು ತಲೆ ಮತ್ತು ಬಲಗೈ ಹಿಡಿಯುತ್ತಾನೆ, ಇನ್ನೊಬ್ಬ ಎಡಗೈ, ಮತ್ತೊಬ್ಬ ಕಾಲು. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ಎನ್ನುವುದು ಅಲ್ಲಿನ ಮಾತು. ಮುಖ್ಯನ ಮುಖ ಎಷ್ಟೋ ಸಲ ತೆರೆದೇ ಇರುತ್ತದೆ, ನೋಡುವವರು ಅವನನ್ನು ಕಂಡೂ ಗೊಂಬೆಯನ್ನೇ ನೋಡುತ್ತಾರೆ. ಎರಡು, ನೋ ರಂಗಭೂಮಿಯ ಮುಖವಾಡ. ಕೆತ್ತಿದ ಮುಖವನ್ನು ನಟ ಕೊಂಚ ಮೇಲೆತ್ತಿದರೆ ಬೆಳಕು ಬಿದ್ದು ಅರಳುತ್ತದೆ, ಅದನ್ನು ‘ತೆರಾಸು’ ಎನ್ನುತ್ತಾರೆ, ಬೆಳಗಿಸುವುದು. ಕೆಳಗೆ ಬಾಗಿಸಿದರೆ ನೆರಳು ಕವಿಯುತ್ತದೆ, ಅದು ‘ಕುಮೊರಾಸು’, ಮೋಡ ಕವಿಸುವುದು. ತ್ರಂಕಾ ಪ್ರಾಗ್‌ನಲ್ಲಿ ಗೊಂಬೆಯ ಕಣ್ಣಿಗೆ ಬಣ್ಣ ತುಂಬುವಾಗ ಹುಡುಕಿದ್ದಕ್ಕೆ ಜಪಾನಿನಲ್ಲಿ ಶತಮಾನಗಳಿಂದ ಹೆಸರೇ ಇತ್ತು.

ಕವಾಮೊಟೊ ಅವರ 1972ರ ‘ಓನಿ’ ಎಂಟು ನಿಮಿಷದ ಆಸುಪಾಸಿನ ಚಿತ್ರ. ಕತ್ತಲ ಕಾಡು, ಇಬ್ಬರು ಬೇಟೆಗಾರ ಅಣ್ಣತಮ್ಮಂದಿರು, ರಾಕ್ಷಸಿಯ ಕೈ ಕತ್ತರಿಸಿ ತಂದರೆ ಅದು ತಮ್ಮ ಮುದಿ ತಾಯಿಯದು. 1976ರ ‘ದೋಜೋಜಿ’ಯಲ್ಲಿ ತರುಣ ಸನ್ಯಾಸಿಯನ್ನು ಮೋಹಿಸಿದ ಹೆಣ್ಣು ಅವನ ಬೆನ್ನಟ್ಟಿ ಓಡುತ್ತಾ, ಹೊಳೆ ದಾಟುತ್ತಾ ಸರ್ಪವಾಗುತ್ತಾಳೆ. ದೇವಾಲಯದ ಗಂಟೆಯೊಳಗೆ ಅಡಗಿದವನನ್ನು ಗಂಟೆಗೆ ಸುತ್ತಿಕೊಂಡು ಸುಡುತ್ತಾಳೆ. ಆ ಓಟವನ್ನು ನಾನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಲ್ಲ. ಅವಳು ಓಡುವಾಗ ತಲೆ ಅಲುಗುವುದಿಲ್ಲ, ಮೈ ಒಂದೇ ಮಟ್ಟದಲ್ಲಿ ಸಾಗುತ್ತದೆ, ಬಟ್ಟೆ ಮಾತ್ರ ಹಿಂದೆ ಉಳಿಯುತ್ತದೆ. ದುಃಖ ಮತ್ತು ಕೋಪ ಎರಡನ್ನೂ ಮುಖ ಹೇಳುವುದಿಲ್ಲ, ಕುತ್ತಿಗೆ ಹೇಳುತ್ತದೆ. ನನ್ನ ಮುದುಕಿಯ ಗೊಂಬೆಗೆ ನೋವು ತರಲು ಸಾಧ್ಯವಾದದ್ದು ಈ ಕುತ್ತಿಗೆಯಿಂದ ಕಲಿತು. ‘ಮಲಗಿದ ರಾಜಕುಮಾರಿ’ಯ ಕಥೆಯನ್ನು ಅವರು ಚಿತ್ರಿಸಿದ್ದು ಮತ್ತೆ ಪ್ರಾಗ್‌ಗೆ ಹೋಗಿ, ಗುರುವಿನ ಹೆಸರಿನ ಸ್ಟುಡಿಯೊದಲ್ಲಿ, 1990ರಲ್ಲಿ. ಎಂಬತ್ತನೆಯ ವಯಸ್ಸಿನಲ್ಲಿ, 2005ರಲ್ಲಿ, ಪೂರ್ಣಪ್ರಮಾಣದ ‘ಸತ್ತವರ ಪುಸ್ತಕ’ ಮುಗಿಸಿದರು. 2010ರಲ್ಲಿ ತೀರಿಕೊಂಡರು. ಇಯಿದಾ ಊರಿನಲ್ಲಿ ಅವರ ಗೊಂಬೆಗಳ ವಸ್ತುಸಂಗ್ರಹಾಲಯವಿದೆ.

ತ್ರಂಕಾ ಅಷ್ಟು ಕಾಲ ಬದುಕಲಿಲ್ಲ. ಅವನ ಕೊನೆಯ ಚಿತ್ರ 1965ರ ‘ರೂಕಾ’, ಅಂದರೆ ಕೈ. ಹದಿನೆಂಟು ನಿಮಿಷ, ಮಾತಿಲ್ಲ. ಪುಟ್ಟ ಕೋಣೆಯಲ್ಲಿ ಒಬ್ಬ ಕುಂಬಾರ, ಅವನದೊಂದು ಹೂವಿನ ಗಿಡ, ಅದಕ್ಕೆ ಕುಂಡ ಮಾಡುವುದೇ ಅವನ ಸುಖ. ಒಂದು ದೊಡ್ಡ ಕೈ ಒಳಗೆ ಬರುತ್ತದೆ, ಕುಂಡ ಬೇಡ, ನನ್ನ ವಿಗ್ರಹ ಮಾಡು ಎನ್ನುತ್ತದೆ. ಅವನು ಒಲ್ಲೆ ಎನ್ನುತ್ತಾನೆ. ಕೈ ಓಲೈಸುತ್ತದೆ, ಹೆದರಿಸುತ್ತದೆ, ಚಿನ್ನದ ಪಂಜರಕ್ಕೆ ಹಾಕುತ್ತದೆ, ಕೊನೆಗೆ ಅವನ ಮೈಗೆ ಸೂತ್ರ ಕಟ್ಟಿ ತನ್ನ ವಿಗ್ರಹವನ್ನು ಕಡೆಸುತ್ತದೆ. ತ್ರಂಕಾ ಹೇಳಿದ್ದು ತನ್ನ ಸರ್ಕಾರದ ಬಗ್ಗೆ, ಇದನ್ನು ಎಲ್ಲರೂ ಬರೆದಿದ್ದಾರೆ. ನಾನು ನೋಡುವುದು ಇನ್ನೊಂದನ್ನು. ಕುಂಬಾರ ಗೊಂಬೆ, ಕೈ ಮಾತ್ರ ನಿಜವಾದ ಮನುಷ್ಯನ ಕೈ. ಇಪ್ಪತ್ತು ವರ್ಷ ಚೌಕಟ್ಟಿನ ಆಚೆ ಅಡಗಿದ್ದ ಕೈ ಮೊದಲ ಸಲ ಚೌಕಟ್ಟಿನೊಳಗೆ ಬಂದಿದೆ, ಬಂದದ್ದು ಕೊಲೆಗಾರನಾಗಿ. ಗೊಂಬೆಗೆ ಜೀವ ಕೊಡುವುದೂ ಕೈ, ಸೂತ್ರ ಕಟ್ಟಿ ಹಿಂಸಿಸುವುದೂ ಕೈ. ಈ ಎರಡರ ನಡುವಿನ ವ್ಯತ್ಯಾಸವನ್ನು ಅದೇ ಚಿತ್ರದಲ್ಲಿ ಕಾಣಬಹುದು. ಸೂತ್ರ ಕಟ್ಟಿಸಿಕೊಂಡಾಗ ಕುಂಬಾರ ಎಳೆತಕ್ಕೆ ತಕ್ಕಂತೆ ಜರ್ರನೆ ಅಲುಗುತ್ತಾನೆ. ತನ್ನಷ್ಟಕ್ಕೆ ಕುಂಡ ಮಾಡುವಾಗ, ಚಕ್ರ ತಿರುಗಿಸುವ ಮೊದಲು ಅವನು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನೆ. ಆ ನಿಲುವನ್ನು ಯಾರೋ ಒಬ್ಬ ಅನಿಮೇಟರ್ ಅಲ್ಲಿ ನಿಂತು ಆಡಿದ್ದಾನೆ.

ಕುಂಬಾರ ತಪ್ಪಿಸಿಕೊಂಡು ಮನೆಗೆ ಬಂದು ಬಾಗಿಲು ಭದ್ರ ಮಾಡುವಾಗ ಕಪಾಟಿನ ಮೇಲಿನ ಹೂಕುಂಡ ತಲೆಗೆ ಬಿದ್ದು ಸಾಯುತ್ತಾನೆ. ಕೈ ಅವನಿಗೆ ಸರ್ಕಾರಿ ಮರ್ಯಾದೆಯ ಶವಸಂಸ್ಕಾರ ಮಾಡುತ್ತದೆ. ತ್ರಂಕಾ 1969ರ ಡಿಸೆಂಬರ್ 30ರಂದು ತೀರಿಕೊಂಡ. ಸರ್ಕಾರಿ ಮರ್ಯಾದೆಯಲ್ಲಿಯೇ ಅವನ ಶವಸಂಸ್ಕಾರ ಆಯಿತು. ಆಮೇಲೆ ಆ ಚಿತ್ರದ ಪ್ರತಿಗಳನ್ನು ಮುಟ್ಟುಗೋಲು ಹಾಕಿದರು.

1993ರಲ್ಲಿ ‘ಜುರಾಸಿಕ್ ಪಾರ್ಕ್’ ಬಂದಾಗ ನಮ್ಮ ಕಸುಬು ಮುಗಿಯಿತೆಂದು ಎಲ್ಲರೂ ಬರೆದರು. ಡೈನೊಸಾರ್‌ಗಳನ್ನು ಗೊಂಬೆಯಲ್ಲಿ ಮಾಡಬೇಕಿದ್ದ ಫಿಲ್ ಟಿಪ್ಪೆಟ್ ಅವರ ಜಾಗಕ್ಕೆ ಕಂಪ್ಯೂಟರ್ ಬಂತು. ಆದರೆ ಕಂಪ್ಯೂಟರಿನವರಿಗೆ ಡೈನೊಸಾರ್ ಆಡಲು ಬರುತ್ತಿರಲಿಲ್ಲ. ಟಿಪ್ಪೆಟ್ ಬಳಗದವರು ಕೀಲುಕೀಲಿಗೂ ಅಳತೆ ಹಿಡಿಯುವ ಸಾಧನ ಜೋಡಿಸಿದ ಲೋಹದ ಅಸ್ಥಿಪಂಜರ ಕಟ್ಟಿದರು. ಗೊಂಬೆಯವರು ಎಂದಿನಂತೆ ಅದನ್ನು ಕೈಯಿಂದ ಒಂದೊಂದೇ ಭಂಗಿಗೆ ತಂದರು, ಆ ಅಳತೆ ಕಂಪ್ಯೂಟರಿಗೆ ಹೋಯಿತು. ಮೈ ಬದಲಾಯಿತು, ಆಡಿದ ಕೈ ಅದೇ ಉಳಿಯಿತು. 2022ರ ‘ಪಿನೋಕಿಯೊ’ ಚಿತ್ರಕ್ಕೆ ಗಿಯೆರ್ಮೊ ದೆಲ್ ತೊರೊ ತಮ್ಮ ಅನಿಮೇಟರುಗಳಿಂದ ತಡವರಿಕೆಗಳನ್ನು ಕೇಳಿ ಪಡೆದರು. ಒಂದೇ ಸಲಕ್ಕೆ ಸಿಗದ ವಸ್ತು, ಅರ್ಧಕ್ಕೆ ನಿಂತ ಕೈ, ಬೇಡದ ಒಂದು ತುರಿಕೆ. ಅಳತೆ ಹಾಕಿ ಮಾಡುವವರಿಗೆ ಇವು ಹೊಳೆಯುವುದಿಲ್ಲ, ಆಡುವವರಿಗೆ ಹೊಳೆಯುತ್ತವೆ.

ಇದನ್ನು ಬರೆಯುತ್ತಿರುವಾಗ ಒಳಕೋಣೆಯಲ್ಲಿ ನನ್ನ ಗೊಂಬೆಯೊಂದು ನಿಂತಿದೆ. ಬೀಡಿ ಕಟ್ಟುವ ಹೆಂಗಸು. ಬಾಗಿಲಲ್ಲಿ ಯಾರೋ ಕರೆದಂತಾಗಿ ಮೊರ ಬದಿಗಿಟ್ಟು ಎದ್ದಿದ್ದಾಳೆ, ನೂರಹನ್ನೆರಡನೆಯ ಚಿತ್ರದಲ್ಲಿ ಎಡಗಾಲು ನೆಲ ಬಿಟ್ಟಿದೆ. ಬಲಗಾಲಿನ ಬೋಲ್ಟು ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿ ಬಂದೆ. ಬಂದವರು ಯಾರೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಕಿಟಕಿಗೆ ಕಪ್ಪು ಬಟ್ಟೆ ಹೊದಿಸಿದ್ದೇನೆ, ಫ್ಯಾನು ಹಾಕುವಂತಿಲ್ಲ, ಮನೆಯವರಿಗೆಲ್ಲ ಆ ಕಡೆ ಜೋರಾಗಿ ನಡೆಯಬೇಡಿ ಎಂದು ಹೇಳಿದ್ದೇನೆ. ಕೋಣೆಯ ಬೀಗದ ಕೈ ನನ್ನ ಸೆರಗಿನಲ್ಲಿದೆ.